ಮ್ಯಾಂಗಲೋರ್ ವಿಮಾನಗಳ ಡಿಕ್ಕಿ (2020)

ಈ ಲೇಖನವು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮ್ಯಾಂಗಲೋರ್ ಬಳಿ ನಡೆದ ತರಬೇತಿ ವಿಮಾನಗಳ ಅಪಘಾತವನ್ನು ಕುರಿತದ್ದು. ಕರ್ನಾಟಕದ ಮಂಗಳೂರಿನಲ್ಲಿ 2010ರ ಮೇ 22ರಂದು ನಡೆದ, 158 ಜನ ಮೃತಪಟ್ಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ದುರಂತಕ್ಕೂ ಇದಕ್ಕೂ ಸಂಬಂಧವಿಲ್ಲ.

ಮ್ಯಾಂಗಲೋರ್ ವಿಮಾನಗಳ ಡಿಕ್ಕಿ ಎಂಬುದು 2020ರ ಫೆಬ್ರವರಿ 19ರಂದು ಆಸ್ಟ್ರೇಲಿಯಾದ ಮ್ಯಾಂಗಲೋರ್ ವಿಮಾನ ನಿಲ್ದಾಣದ ದಕ್ಷಿಣಕ್ಕೆ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಎರಡು ಅವಳಿ ಎಂಜಿನ್‌ಗಳ ಹಗುರ ವಿಮಾನಗಳ ನಡುವೆ ಆಕಾಶದಲ್ಲಿ ಸಂಭವಿಸಿದ ಅಪಘಾತ. ಎರಡೂ ವಿಮಾನಗಳು ತರಬೇತಿ ಹಾರಾಟದಲ್ಲಿದ್ದವು. ಪ್ರತಿ ವಿಮಾನದಲ್ಲಿಯೂ ಒಬ್ಬ ಬೋಧಕರು ಹಾಗೂ ಒಬ್ಬ ಶಿಕ್ಷಣಾರ್ಥಿ ಇದ್ದು, ನಾಲ್ವರೂ ಮೃತಪಟ್ಟರು. ಉಪಕರಣಾಧಾರಿತ ಹಾರಾಟ ನಿಯಮಗಳ ಅಡಿಯಲ್ಲಿ ಹಾರುತ್ತಿದ್ದ ಎರಡು ನಾಗರಿಕ ವಿಮಾನಗಳು ಆಸ್ಟ್ರೇಲಿಯಾದಲ್ಲಿ ಪರಸ್ಪರ ಡಿಕ್ಕಿಯಾದದ್ದು ಇದೇ ಮೊದಲು. ಆಸ್ಟ್ರೇಲಿಯಾ ಸಾರಿಗೆ ಸುರಕ್ಷತಾ ಮಂಡಳಿಯು ಈ ಕುರಿತ ಅಂತಿಮ ವರದಿಯನ್ನು 2022ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅಪಘಾತಕ್ಕೆ ಮೊದಲು ಎರಡೂ ವಿಮಾನಗಳಿಗೆ ಮತ್ತೊಂದರ ಇರವಿನ ಮಾಹಿತಿಯನ್ನು ರೇಡಿಯೋ ಮೂಲಕ ತಿಳಿಸಲಾಗಿತ್ತು. ಮಾಹಿತಿ ತಲುಪಿದ ಮೇಲೂ ಡಿಕ್ಕಿ ತಪ್ಪಲಿಲ್ಲ ಎಂಬ ಅಂಶದಿಂದಾಗಿಯೇ ಈ ಅಪಘಾತವು ವಾಯುಯಾನ ಸುರಕ್ಷತೆಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತಿದೆ.

ಹಿನ್ನೆಲೆ

ಸ್ಥಳ

ಮ್ಯಾಂಗಲೋರ್ ಎಂಬುದು ಮೆಲ್ಬರ್ನ್ ನಗರದ ಉತ್ತರಕ್ಕೆ, ಸೀಮೋರ್ ಮತ್ತು ಅವೆನೆಲ್ ಊರುಗಳಿಗೆ ಸಮೀಪದಲ್ಲಿರುವ ಗ್ರಾಮೀಣ ಪ್ರದೇಶ. ಇಲ್ಲಿನ ವಿಮಾನ ನಿಲ್ದಾಣಕ್ಕೆ ವೇಳಾಪಟ್ಟಿಯ ಪ್ರಯಾಣಿಕ ವಿಮಾನಗಳು ಬರುವುದಿಲ್ಲ. ಮೆಲ್ಬರ್ನ್ ಸುತ್ತಲಿನ ಮೂರಬ್ಬಿನ್, ಎಸೆಂಡನ್, ಟೈಅಬ್ ಮುಂತಾದ ನಿಲ್ದಾಣಗಳಲ್ಲಿ ನೆಲೆಗೊಂಡಿರುವ ಹಾರಾಟ ಶಾಲೆಗಳಿಗೆ ಇದು ಅನುಕೂಲಕರವಾದ ಅಭ್ಯಾಸದ ತಾಣ. ನಗರದ ದಟ್ಟಣೆಯಿಂದ ದೂರವಿರುವುದು, ಉಪಕರಣಗಳ ನೆರವಿನಿಂದ ಇಳಿಯುವ ವಿಧಾನಗಳನ್ನು ಅಭ್ಯಸಿಸಲು ಅವಕಾಶವಿರುವುದು ಇದಕ್ಕೆ ಕಾರಣ. ಹೀಗಾಗಿ, ದೊಡ್ಡ ವಿಮಾನಗಳ ಸುಳಿವಿಲ್ಲದ ಈ ನಿಲ್ದಾಣದ ಮೇಲಿನ ಆಕಾಶದಲ್ಲಿ ಬೇರೆ ಬೇರೆ ಶಾಲೆಗಳ ತರಬೇತಿ ವಿಮಾನಗಳು ಒಂದೇ ಹೊತ್ತಿನಲ್ಲಿ ಸೇರುವುದು ಸಾಮಾನ್ಯ.

ಎರಡು ಬಗೆಯ ಹಾರಾಟ ನಿಯಮಗಳು

ವಿಮಾನ ಚಾಲನೆಗೆ ಜಗತ್ತಿನೆಲ್ಲೆಡೆ ಎರಡು ನಿಯಮಾವಳಿಗಳಿವೆ. ದೃಷ್ಟಿ ಆಧಾರಿತ ಹಾರಾಟ ನಿಯಮಗಳ ಪ್ರಕಾರ ಪೈಲಟ್ ಮೋಡಗಳಿಂದ ದೂರವಿದ್ದು, ನೆಲವನ್ನೂ ದಿಗಂತವನ್ನೂ ಇತರ ವಿಮಾನಗಳನ್ನೂ ಕಣ್ಣಿನಿಂದ ನೋಡುತ್ತ ಹಾರಬೇಕು. ಉಪಕರಣಾಧಾರಿತ ಹಾರಾಟ ನಿಯಮಗಳ ಪ್ರಕಾರ ಕಾಕ್‌ಪಿಟ್‌ನ ಉಪಕರಣಗಳನ್ನೇ ನಂಬಿ ಮೋಡದೊಳಗೂ ಹಾರಬಹುದು. ಪ್ರಯಾಣಿಕ ವಿಮಾನಗಳೆಲ್ಲ ಸಾಮಾನ್ಯವಾಗಿ ಎರಡನೆಯ ವಿಧಾನವನ್ನೇ ಅನುಸರಿಸುತ್ತವೆ. ಆದ್ದರಿಂದ ವಿಮಾನಯಾನ ಸಂಸ್ಥೆಯಲ್ಲಿ ಉದ್ಯೋಗ ಬಯಸುವ ಪ್ರತಿಯೊಬ್ಬ ಶಿಕ್ಷಣಾರ್ಥಿಯೂ ಈ ನಿಯಮಗಳ ಅಡಿಯಲ್ಲಿ ಹಾರಲು ಬೇಕಾದ ಅರ್ಹತೆಯನ್ನು ಗಳಿಸಲೇಬೇಕು. ಮ್ಯಾಂಗಲೋರ್‌ನಲ್ಲಿ ಡಿಕ್ಕಿಯಾದ ಎರಡೂ ವಿಮಾನಗಳು ಇಂತಹ ತರಬೇತಿಯಲ್ಲಿಯೇ ತೊಡಗಿದ್ದವು.

ವಾಯುಪ್ರದೇಶದ ವರ್ಗೀಕರಣ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಾಯುಪ್ರದೇಶವನ್ನು 'ಎ'ಯಿಂದ 'ಜಿ'ವರೆಗೆ ಏಳು ವರ್ಗಗಳಾಗಿ ವಿಂಗಡಿಸಿದೆ. ಮೇಲಿನ ವರ್ಗಗಳಲ್ಲಿ ವಿಮಾನಗಳ ನಡುವೆ ಅಂತರ ಕಾಯ್ದುಕೊಳ್ಳುವ ಹೊಣೆ ವಾಯುಸಂಚಾರ ನಿಯಂತ್ರಕರದು. 'ಜಿ' ವರ್ಗವು ನಿಯಂತ್ರಣರಹಿತ ವಾಯುಪ್ರದೇಶ. ಅಲ್ಲಿ ಹಾರುವ ಪೈಲಟ್‌ಗಳು ತಮ್ಮ ನಡುವಿನ ಅಂತರವನ್ನು ತಾವೇ ಕಾಯ್ದುಕೊಳ್ಳಬೇಕು. ಆಸ್ಟ್ರೇಲಿಯಾದ ವ್ಯವಸ್ಥೆಯಲ್ಲಿ, 'ಜಿ' ವರ್ಗದಲ್ಲಿ ಉಪಕರಣಾಧಾರಿತ ನಿಯಮಗಳಂತೆ ಹಾರುವ ವಿಮಾನಗಳಿಗೆ ನಿಯಂತ್ರಕರು 'ಸಂಚಾರ ಮಾಹಿತಿ'ಯನ್ನು ನೀಡುತ್ತಾರೆ. ಅಂದರೆ, ಇಂಥ ದಿಕ್ಕಿನಲ್ಲಿ, ಇಷ್ಟು ಎತ್ತರದಲ್ಲಿ, ಇಂಥ ವಿಮಾನವಿದೆ ಎಂದು ತಿಳಿಸುತ್ತಾರೆ. ಆ ಮಾಹಿತಿಯನ್ನು ಆಧರಿಸಿ ಏನು ಮಾಡಬೇಕು ಎಂಬುದನ್ನು ಪೈಲಟ್‌ಗಳು ನಿರ್ಧರಿಸಬೇಕು. ಇದಕ್ಕಾಗಿ ಆಯಾ ನಿಲ್ದಾಣದ ಸುತ್ತ ಒಂದು ಸಾಮಾನ್ಯ ರೇಡಿಯೋ ತರಂಗಾಂತರವನ್ನು ಗೊತ್ತುಪಡಿಸಲಾಗಿರುತ್ತದೆ. ಪೈಲಟ್‌ಗಳು ಅದರಲ್ಲಿ ನೇರವಾಗಿ ಪರಸ್ಪರ ಮಾತನಾಡಿ ಹೊಂದಾಣಿಕೆ ಮಾಡಿಕೊಳ್ಳಬಹುದು.

ವಿಮಾನಗಳು

ಮೊದಲನೆಯದು ವಿಎಚ್-ಜೆಕ್ಯೂಎಫ್ ಎಂಬ ನೋಂದಣಿಯ ಪೈಪರ್ ಪಿಎ-44 ಸೆಮಿನೋಲ್. ತಲಾ 180 ಅಶ್ವಶಕ್ತಿಯ ಎರಡು ಎಂಜಿನ್‌ಗಳಿರುವ ಈ ನಾಲ್ಕು ಆಸನಗಳ ವಿಮಾನವು ಬಹು ಎಂಜಿನ್ ತರಬೇತಿಗಾಗಿ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಎರಡನೆಯದು ವಿಎಚ್-ಎಇಎಂ ಎಂಬ ನೋಂದಣಿಯ ಬೀಚ್ ಡಿ95ಎ ಟ್ರಾವೆಲ್ ಏರ್. ಇದೂ ಅವಳಿ ಎಂಜಿನ್‌ಗಳ ಹಗುರ ವಿಮಾನವೇ. ಆದರೆ ಇದರ ತಯಾರಿಕೆಯು 1960ರ ದಶಕದಲ್ಲಿಯೇ ಕೊನೆಗೊಂಡಿತ್ತು. ಎರಡು ವಿಮಾನಗಳು ಬೇರೆ ಬೇರೆ ತರಬೇತಿ ಸಂಸ್ಥೆಗಳಿಗೆ ಸೇರಿದ್ದವು.

ಎರಡೂ ವಿಮಾನಗಳಲ್ಲಿ ಎಡಿಎಸ್-ಬಿ ಪ್ರಸಾರಕಗಳಿದ್ದವು. ಉಪಗ್ರಹ ಸಂಕೇತಗಳಿಂದ ತನ್ನ ಸ್ಥಾನವನ್ನು ಅರಿತು, ಆ ಸ್ಥಾನವನ್ನೂ ಎತ್ತರವನ್ನೂ ವೇಗವನ್ನೂ ನಿರಂತರವಾಗಿ ಪ್ರಸಾರ ಮಾಡುವ ಸಾಧನವಿದು. ಉಪಕರಣಾಧಾರಿತ ನಿಯಮಗಳಂತೆ ಹಾರುವ ಎಲ್ಲ ವಿಮಾನಗಳಿಗೂ ಆಸ್ಟ್ರೇಲಿಯಾದಲ್ಲಿ ಇದನ್ನು 2017ರ ಫೆಬ್ರವರಿಯಿಂದ ಕಡ್ಡಾಯಗೊಳಿಸಲಾಗಿತ್ತು. ಆದರೆ ಇತರ ವಿಮಾನಗಳ ಪ್ರಸಾರವನ್ನು ಗ್ರಹಿಸಿ ಕಾಕ್‌ಪಿಟ್‌ನಲ್ಲಿ ತೋರಿಸುವ ಎಡಿಎಸ್-ಬಿ ಗ್ರಾಹಕವು ಕಡ್ಡಾಯವಾಗಿರಲಿಲ್ಲ; ಅದು ಈ ಎರಡು ವಿಮಾನಗಳಲ್ಲಿಯೂ ಇರಲಿಲ್ಲ. ಹೀಗಾಗಿ ಎರಡೂ ವಿಮಾನಗಳು ತಮ್ಮ ನೆಲೆಯನ್ನು ಸಾರಿ ಹೇಳುತ್ತಿದ್ದವು. ಆದರೆ ಒಂದು ಹೇಳಿದ್ದನ್ನು ಇನ್ನೊಂದು ಕೇಳಿಸಿಕೊಳ್ಳುವ ಏರ್ಪಾಡು ಇರಲಿಲ್ಲ.

ಅಪಘಾತ

ಫೆಬ್ರವರಿ 19ರ ಬೆಳಗ್ಗೆ ಟ್ರಾವೆಲ್ ಏರ್ ವಿಮಾನವು ಮೆಲ್ಬರ್ನ್‌ನ ಆಗ್ನೇಯಕ್ಕಿರುವ ಟೈಅಬ್‌ನಿಂದ ಹೊರಟು ಉತ್ತರಾಭಿಮುಖವಾಗಿ ಮ್ಯಾಂಗಲೋರ್ ಕಡೆಗೆ ಬರುತ್ತಿತ್ತು. ಅಭ್ಯಾಸಕ್ಕಾಗಿ ಅದು ಎತ್ತರವನ್ನು ಕಡಿಮೆ ಮಾಡಿಕೊಳ್ಳುತ್ತಿತ್ತು. ಸರಿಸುಮಾರು ಅದೇ ವೇಳೆಯಲ್ಲಿ ಸೆಮಿನೋಲ್ ವಿಮಾನವು ಮ್ಯಾಂಗಲೋರ್‌ನಿಂದ ಮೇಲೇರಿ ದಕ್ಷಿಣದ ಎಸೆಂಡನ್ ಕಡೆಗೆ ಹೊರಟಿತು. ಒಂದು ಇಳಿಯುತ್ತಿತ್ತು, ಇನ್ನೊಂದು ಏರುತ್ತಿತ್ತು. ಎರಡರ ದಾರಿಯೂ ಹೆಚ್ಚು ಕಡಿಮೆ ಎದುರುಬದುರಾಗಿತ್ತು.

ಆ ಪ್ರದೇಶದ ಹೊಣೆ ಹೊತ್ತಿದ್ದ ನಿಯಂತ್ರಕರು ಎರಡೂ ವಿಮಾನಗಳ ಪೈಲಟ್‌ಗಳಿಗೆ ಮತ್ತೊಂದು ವಿಮಾನದ ಕುರಿತು ಸಂಚಾರ ಮಾಹಿತಿ ನೀಡಿದ್ದರು. ಎರಡು ವಿಮಾನಗಳು ಅಪಾಯಕರವಾಗಿ ಹತ್ತಿರ ಬರುವ ಸಾಧ್ಯತೆಯನ್ನು ಲೆಕ್ಕ ಹಾಕಿ ಸೂಚಿಸುವ ಗಣಕ ವ್ಯವಸ್ಥೆಯು ನಿಯಂತ್ರಕರ ಪರದೆಯ ಮೇಲೆ ಎಚ್ಚರಿಕೆಯನ್ನೂ ತೋರಿಸಿತು. ಬೆಳಗ್ಗೆ 11 ಗಂಟೆ 20 ನಿಮಿಷ ದಾಟಿದ ಬಳಿಕ, ಸುಮಾರು 4,100 ಅಡಿ ಎತ್ತರದಲ್ಲಿ ವಿಮಾನಗಳು ಡಿಕ್ಕಿಯಾದವು. ಎರಡೂ ನಿಯಂತ್ರಣ ತಪ್ಪಿ ನೆಲಕ್ಕಪ್ಪಳಿಸಿದವು. ಆ ಹೊತ್ತಿನಲ್ಲಿ ಪ್ರದೇಶದ ಮೇಲೆ ಮೋಡ ಕವಿದಿತ್ತು. ನೆಲದ ಮೇಲೆ ಯಾರಿಗೂ ಪ್ರಾಣಾಪಾಯವಾಗಲಿಲ್ಲ.

ತನಿಖೆ

ಆಸ್ಟ್ರೇಲಿಯಾ ಸಾರಿಗೆ ಸುರಕ್ಷತಾ ಮಂಡಳಿಯು 2003ರ ಸಾರಿಗೆ ಸುರಕ್ಷತಾ ತನಿಖಾ ಕಾಯಿದೆಯ ಅಡಿಯಲ್ಲಿ ಕಾರ್ಯನಿರ್ವಹಿಸುತ್ತದೆ. ಯಾರ ಮೇಲಾದರೂ ತಪ್ಪು ಹೊರಿಸುವುದು ಅಥವಾ ಹೊಣೆಗಾರಿಕೆ ನಿರ್ಧರಿಸುವುದು ಅದರ ಕೆಲಸವಲ್ಲ. ಅಂಥದೇ ಅಪಘಾತ ಮರುಕಳಿಸದಂತೆ ತಡೆಯುವುದಷ್ಟೇ ಅದರ ಉದ್ದೇಶ. ವರದಿಯ ತೀರ್ಮಾನಗಳನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕಾಗುತ್ತದೆ.

ಮಂಡಳಿಯ ಮುಖ್ಯ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು. ಸಂಚಾರ ಮಾಹಿತಿಯನ್ನು ಪಡೆದ ನಂತರವೂ ಎರಡು ವಿಮಾನಗಳ ಪೈಲಟ್‌ಗಳು ಅಂತರ ಕಾಯ್ದುಕೊಳ್ಳುವಂತೆ ದಾರಿ ಬದಲಿಸಲಿಲ್ಲ; ನೇರ ರೇಡಿಯೋ ಸಂಪರ್ಕವನ್ನೂ ಸಾಧಿಸಲಿಲ್ಲ. ಡಿಕ್ಕಿಯ ಅಪಾಯವಿದೆ ಎಂಬುದು ಅವರಿಗೆ ಮನವರಿಕೆಯಾಗದಿದ್ದುದೇ ಇದಕ್ಕೆ ಬಹುಶಃ ಕಾರಣ. ಮೋಡಗಳಿದ್ದುದರಿಂದ ಒಬ್ಬರನ್ನೊಬ್ಬರು ಕಣ್ಣಾರೆ ಕಂಡು ತಪ್ಪಿಸಿಕೊಳ್ಳುವಷ್ಟು ಸಮಯವೂ ಅವರಿಗೆ ಸಿಕ್ಕಿರಲಾರದು. 'ಜಿ' ವರ್ಗದ ವಾಯುಪ್ರದೇಶದಲ್ಲಿ ವಿಮಾನಗಳನ್ನು ಬೇರ್ಪಡಿಸುವ ಹೊಣೆ ನಿಯಂತ್ರಕರ ಮೇಲಿರಲಿಲ್ಲ.

ಮಂಡಳಿಯು ಇಷ್ಟಕ್ಕೇ ನಿಲ್ಲದೆ, ಎರಡೂ ವಿಮಾನಗಳ ಕಾಕ್‌ಪಿಟ್‌ನಿಂದ ಹೊರಗೆ ಎಷ್ಟು ಕಾಣುತ್ತಿತ್ತು ಎಂಬುದನ್ನು ಗಣಕದ ಮೂಲಕ ಮರುರೂಪಿಸಿ ಅಧ್ಯಯನ ಮಾಡಿತು. ಎಡಿಎಸ್-ಬಿ ಗ್ರಾಹಕಗಳಿದ್ದು ಅವು ಪರದೆಯ ಮೇಲೆ ತೋರಿಸುವುದರ ಜೊತೆಗೆ ಧ್ವನಿಯ ಎಚ್ಚರಿಕೆಯನ್ನೂ ನೀಡಿದ್ದರೆ, ಕಣ್ಣಿಗೆ ಕಾಣುವುದಕ್ಕಿಂತ ಬಹಳ ಮೊದಲೇ ಪೈಲಟ್‌ಗಳಿಗೆ ಮತ್ತೊಂದು ವಿಮಾನದ ಅರಿವಾಗುತ್ತಿತ್ತು ಎಂದು ಅದು ತೀರ್ಮಾನಿಸಿತು.

ಕಾರಣಗಳ ವಿಶ್ಲೇಷಣೆ

ಮಾಹಿತಿ ಮತ್ತು ಮನವರಿಕೆ

ಈ ಅಪಘಾತದ ಕೇಂದ್ರದಲ್ಲಿರುವುದು ಮಾಹಿತಿಗೂ ಮನವರಿಕೆಗೂ ನಡುವಿನ ಅಂತರ. ರೇಡಿಯೋದಲ್ಲಿ ಕೇಳಿಬರುವ ಸಂಚಾರ ಮಾಹಿತಿಯು ಒಂದು ಕ್ಷಣದ ಚಿತ್ರ ಮಾತ್ರ. ಅದನ್ನು ಕೇಳಿದ ಪೈಲಟ್ ಎರಡು ವಿಮಾನಗಳ ಸ್ಥಾನ, ದಿಕ್ಕು, ವೇಗ, ಏರಿಳಿತಗಳನ್ನು ಮನಸ್ಸಿನಲ್ಲಿಯೇ ಜೋಡಿಸಿ, ಮುಂದಿನ ಕೆಲವು ನಿಮಿಷಗಳಲ್ಲಿ ಅವು ಎಲ್ಲಿರುತ್ತವೆ ಎಂದು ಊಹಿಸಬೇಕು. ಎರಡೂ ವಿಮಾನಗಳು ಸಮಾನ ಎತ್ತರದಲ್ಲಿ ನೇರವಾಗಿ ಹಾರುತ್ತಿದ್ದರೆ ಈ ಲೆಕ್ಕ ಸುಲಭ. ಒಂದು ಏರುತ್ತ, ಇನ್ನೊಂದು ಇಳಿಯುತ್ತ ಇರುವಾಗ ಅದು ಕಠಿಣವಾಗುತ್ತದೆ. ಮಾಹಿತಿ ನೀಡಿದ ಗಳಿಗೆಯಲ್ಲಿ ಸಾಕಷ್ಟು ಎತ್ತರದ ಅಂತರವಿದ್ದರೂ, ಎರಡು ಪಥಗಳು ಕೂಡುವ ಗಳಿಗೆಯಲ್ಲಿ ಅದು ಉಳಿದಿರುವುದಿಲ್ಲ.

ಇದರೊಂದಿಗೆ ತರಬೇತಿಯ ಹೊರೆಯೂ ಸೇರುತ್ತದೆ. ಉಪಕರಣಾಧಾರಿತ ಹಾರಾಟದ ಪಾಠದಲ್ಲಿ ಶಿಕ್ಷಣಾರ್ಥಿಯ ಗಮನವೆಲ್ಲ ಕಾಕ್‌ಪಿಟ್‌ನ ಒಳಗಿರುತ್ತದೆ, ಇರಲೇಬೇಕು. ಹೊರಗೆ ಕಣ್ಣಿಡುವ, ರೇಡಿಯೋ ಆಲಿಸುವ, ಶಿಕ್ಷಣಾರ್ಥಿಯ ತಪ್ಪುಗಳನ್ನು ತಿದ್ದುವ ಕೆಲಸಗಳೆಲ್ಲವೂ ಬೋಧಕರ ಪಾಲಿಗೆ ಬರುತ್ತವೆ. ವಿಮಾನ ಮೇಲೇರಿದ ಮೊದಲ ಕೆಲವು ನಿಮಿಷಗಳು ಹಾಗೂ ನಿಲ್ದಾಣವನ್ನು ಸಮೀಪಿಸುವ ಕೊನೆಯ ಕೆಲವು ನಿಮಿಷಗಳು ಅತಿ ಹೆಚ್ಚು ಕೆಲಸವಿರುವ ಅವಧಿಗಳು. ಮ್ಯಾಂಗಲೋರ್‌ನಲ್ಲಿ ಒಂದು ವಿಮಾನವು ಮೊದಲನೆಯ ಹಂತದಲ್ಲಿತ್ತು. ಇನ್ನೊಂದು ಎರಡನೆಯ ಹಂತಕ್ಕೆ ಕಾಲಿಡುತ್ತಿತ್ತು.

'ನೋಡಿ ತಪ್ಪಿಸಿಕೊಳ್ಳುವ' ತತ್ತ್ವದ ಮಿತಿಗಳು

ನಿಯಂತ್ರಣರಹಿತ ವಾಯುಪ್ರದೇಶದ ಸುರಕ್ಷತೆಯು ಬಹುಕಾಲದಿಂದ 'ನೋಡು, ತಪ್ಪಿಸಿಕೋ' ಎಂಬ ತತ್ತ್ವವನ್ನು ಅವಲಂಬಿಸಿದೆ. ಈ ತತ್ತ್ವವು ಮನುಷ್ಯನ ಕಣ್ಣಿನ ಸಾಮರ್ಥ್ಯವನ್ನು ಮೀರಿ ನಂಬಿಕೆಯಿಡುತ್ತದೆ ಎಂದು ಇಂದಿನ ಮಂಡಳಿಯ ಪೂರ್ವಸಂಸ್ಥೆಯಾದ ವಾಯು ಸುರಕ್ಷತಾ ತನಿಖಾ ಬ್ಯೂರೋ 1991ರಲ್ಲಿಯೇ ಒಂದು ಅಧ್ಯಯನ ವರದಿಯಲ್ಲಿ ತೋರಿಸಿತ್ತು.

ಅಮೆರಿಕದ ಸಂಯುಕ್ತ ವಾಯುಯಾನ ಆಡಳಿತದ ಮಾರ್ಗದರ್ಶಿಯೊಂದರ ಪ್ರಕಾರ, ಎದುರಿನ ವಿಮಾನವನ್ನು ಕಂಡಾಗಿನಿಂದ ತಪ್ಪಿಸಿಕೊಳ್ಳುವವರೆಗೆ ಸುಮಾರು 12.5 ಸೆಕೆಂಡುಗಳು ಬೇಕು. ವಸ್ತುವನ್ನು ಕಾಣಲು 0.1 ಸೆಕೆಂಡು, ಅದು ವಿಮಾನವೆಂದು ಗುರುತಿಸಲು 1 ಸೆಕೆಂಡು, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿಯಲು 5 ಸೆಕೆಂಡು, ಯಾವ ಕಡೆಗೆ ತಿರುಗಬೇಕೆಂದು ನಿರ್ಧರಿಸಲು 4 ಸೆಕೆಂಡು, ಕೈಕಾಲು ಆಡಿಸಲು 0.4 ಸೆಕೆಂಡು, ವಿಮಾನವು ಸ್ಪಂದಿಸಲು 2 ಸೆಕೆಂಡು. ಈ ಪಟ್ಟಿಯಲ್ಲಿ ಕಾಣುವುದಕ್ಕೆ ಹಿಡಿಯುವ ಕಾಲ ಅತ್ಯಲ್ಪ. ಕಂಡದ್ದರ ಅರ್ಥವನ್ನು ಗ್ರಹಿಸಿ ತೀರ್ಮಾನಿಸುವುದಕ್ಕೇ 9 ಸೆಕೆಂಡುಗಳು ಬೇಕಾಗುತ್ತವೆ.

ಉದಾಹರಣೆಗೆ, 120 ನಾಟ್ ವೇಗದ ಎರಡು ಹಗುರ ವಿಮಾನಗಳು ಎದುರುಬದುರಾಗಿ ಬರುತ್ತಿದ್ದರೆ ಅವು ಪರಸ್ಪರ ಸಮೀಪಿಸುವ ವೇಗ ಗಂಟೆಗೆ ಸುಮಾರು 444 ಕಿಲೋಮೀಟರ್. ಅಂದರೆ ಸೆಕೆಂಡಿಗೆ ಸುಮಾರು 123 ಮೀಟರ್. ಈ ಲೆಕ್ಕದಲ್ಲಿ 12.5 ಸೆಕೆಂಡುಗಳೆಂದರೆ ಒಂದೂವರೆ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ. ಅಷ್ಟು ದೂರದಿಂದ, ಸುಮಾರು 12 ಮೀಟರ್ ರೆಕ್ಕೆಯಗಲದ ವಿಮಾನವೊಂದರ ಒಟ್ಟು ಅಗಲವು ಆಕಾಶದಲ್ಲಿ ಹುಣ್ಣಿಮೆಯ ಚಂದ್ರನಷ್ಟೂ ಕಾಣುವುದಿಲ್ಲ. ಅದರಲ್ಲಿಯೂ ಎದುರಿನಿಂದ ಕಾಣುವುದು ರೆಕ್ಕೆಗಳ ತೆಳುವಾದ ಗೆರೆ ಮತ್ತು ನಡುವೆ ಒಂದು ಚುಕ್ಕೆ ಮಾತ್ರ. ಇದು ತಿಳಿಯಾದ ಆಕಾಶದ ಮಾತು. ನಡುವೆ ಮೋಡವಿದ್ದರೆ ಆ ಒಂದೂವರೆ ಕಿಲೋಮೀಟರಿನ ಅವಕಾಶವೂ ಇಲ್ಲವಾಗುತ್ತದೆ.

ಇನ್ನೊಂದು ತೊಡಕೂ ಇದೆ. ಮನುಷ್ಯನ ಕಣ್ಣು ಚಲಿಸುವ ವಸ್ತುವನ್ನು ಬೇಗ ಗುರುತಿಸುತ್ತದೆ. ಆದರೆ ನೇರ ಪಥದಲ್ಲಿ, ಬದಲಾಗದ ವೇಗದಲ್ಲಿ ಹಾರುತ್ತ ಡಿಕ್ಕಿಯ ದಾರಿಯಲ್ಲಿರುವ ವಿಮಾನವು ಕಿಟಕಿಯ ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ಅತ್ತಿತ್ತ ಸರಿಯುವ ವಿಮಾನದಿಂದ ಅಪಾಯವಿಲ್ಲ. ಅಲುಗಾಡದೆ ನಿಂತದ್ದೇ ಅಪಾಯಕಾರಿ. ಅದು ಗಾಜಿನ ಚೌಕಟ್ಟಿನ ಹಿಂದೆಯೋ ರೆಕ್ಕೆಯ ಮರೆಯಲ್ಲೋ ನಿಂತಿದ್ದರೆ ಕೊನೆಯವರೆಗೂ ಕಾಣಿಸದೆ ಇರಬಹುದು.

ಎಚ್ಚರಿಕೆ ಮತ್ತು ಹೊಣೆ

ನಿಯಂತ್ರಕರ ಪರದೆಯ ಮೇಲೆ ಎಚ್ಚರಿಕೆ ಮೂಡಿದ್ದರೂ ಡಿಕ್ಕಿ ತಪ್ಪಲಿಲ್ಲ ಎಂಬ ಸಂಗತಿಯು ಸಾರ್ವಜನಿಕರಲ್ಲಿ ಸಹಜವಾಗಿಯೇ ಪ್ರಶ್ನೆಗಳನ್ನು ಎಬ್ಬಿಸಿತು. ಇದಕ್ಕೆ ಎರಡು ಮುಖಗಳಿವೆ. ನಿಯಂತ್ರಣರಹಿತ ವಾಯುಪ್ರದೇಶದಲ್ಲಿ ಪೈಲಟ್‌ಗಳು ಮಾತನಾಡಿಕೊಂಡು ಹತ್ತಿರದಿಂದ ಹಾದುಹೋಗುವುದು ನಿತ್ಯದ ಸಂಗತಿ. ಆದ್ದರಿಂದ ಗಣಕದ ಎಚ್ಚರಿಕೆ ಮೂಡಿದ ಮಾತ್ರಕ್ಕೆ ನಿಜವಾದ ಅಪಾಯವಿದೆಯೆಂದು ಹೇಳಲಾಗದು. ಸಂಚಾರ ಮಾಹಿತಿಯನ್ನು ಈಗಾಗಲೇ ನೀಡಿದ್ದ ನಿಯಂತ್ರಕರು, ಪೈಲಟ್‌ಗಳು ಅದರಂತೆ ನಡೆಯುತ್ತಾರೆಂದು ಭಾವಿಸುವುದಕ್ಕೆ ವ್ಯವಸ್ಥೆಯೇ ಆಸ್ಪದ ನೀಡಿತ್ತು. ಮತ್ತೊಂದೆಡೆ, ನಿಯಂತ್ರಕರು ನೋಡುತ್ತಿದ್ದಾರೆ ಎಂಬ ಅರಿವು ಪೈಲಟ್‌ಗಳಲ್ಲಿ ತುರ್ತಿನ ಭಾವವನ್ನು ಕಡಿಮೆ ಮಾಡುವ ಸಾಧ್ಯತೆಯೂ ಇದೆ. ಹೀಗೆ ಪ್ರತಿಯೊಬ್ಬರೂ ಇನ್ನೊಬ್ಬರು ಕ್ರಮ ಕೈಗೊಳ್ಳುತ್ತಾರೆಂದು ನಂಬಿದಾಗ, ನಿಯಮಗಳ ಪ್ರಕಾರ ಹೊಣೆ ಸ್ಪಷ್ಟವಾಗಿದ್ದರೂ ಕಾರ್ಯತಃ ಅದು ಯಾರ ಕೈಯಲ್ಲಿಯೂ ಇರುವುದಿಲ್ಲ. ಒಬ್ಬ ವ್ಯಕ್ತಿಯ ತಪ್ಪೆಂದು ಗುರುತಿಸಿದರೆ ಮುಗಿಯುವ ವಿಷಯ ಇದಲ್ಲವೆಂದೇ ಚರ್ಚೆಯು ವಾಯುಪ್ರದೇಶದ ರಚನೆಯ ಕಡೆಗೆ ತಿರುಗಿತು.

ನಂತರದ ಕ್ರಮಗಳು

ಅಪಘಾತದ ಬಳಿಕ ಮ್ಯಾಂಗಲೋರ್ ಸುತ್ತಲಿನ ವಾಯುಪ್ರದೇಶದ ಸುರಕ್ಷತೆಯನ್ನು ನಾಗರಿಕ ವಿಮಾನಯಾನ ಸುರಕ್ಷತಾ ಪ್ರಾಧಿಕಾರವು ಪರಾಮರ್ಶಿಸಿತು. ವಾಯುಸಂಚಾರ ಸೇವೆಗಳನ್ನು ಒದಗಿಸುವ ಏರ್‌ಸರ್ವೀಸಸ್ ಆಸ್ಟ್ರೇಲಿಯಾ ಸಂಸ್ಥೆಯು ಅಲ್ಲಿ ಕಣ್ಗಾವಲು ಆಧಾರಿತ ಹಾರಾಟ ಮಾಹಿತಿ ಸೇವೆಯನ್ನು ಆರಂಭಿಸಿತು. ಈ ಸೇವೆಯಲ್ಲಿ ನಿಯಂತ್ರಕರು ನಿಲ್ದಾಣದ ಸಾಮಾನ್ಯ ತರಂಗಾಂತರದಲ್ಲಿಯೇ ಮಾತನಾಡಿ, ಸುತ್ತಲಿನ ವಿಮಾನಗಳ ಮಾಹಿತಿಯನ್ನು ಒದಗಿಸುತ್ತಾರೆ.

2021ರ ಆರಂಭದಲ್ಲಿ ಇದೇ ಸಂಸ್ಥೆಯು ಪೂರ್ವ ಕರಾವಳಿಯ ಉದ್ದಕ್ಕೂ 'ಇ' ವರ್ಗದ ವಾಯುಪ್ರದೇಶದ ಕೆಳಮಟ್ಟವನ್ನು ನೆಲದಿಂದ 1,500 ಅಡಿಯವರೆಗೆ ಇಳಿಸುವ ಪ್ರಸ್ತಾವನೆಯನ್ನು ಮುಂದಿಟ್ಟಿತು. 'ಇ' ವರ್ಗದಲ್ಲಿ ಉಪಕರಣಾಧಾರಿತ ನಿಯಮಗಳಂತೆ ಹಾರುವ ವಿಮಾನಗಳನ್ನು ನಿಯಂತ್ರಕರು ಪರಸ್ಪರ ಬೇರ್ಪಡಿಸುತ್ತಾರೆ. ಹಾಗೆ ಇಳಿಸಿದ್ದರೆ, ಮ್ಯಾಂಗಲೋರ್‌ನಂತಹ ಡಿಕ್ಕಿ ನಡೆದ ಎತ್ತರವು ನಿಯಂತ್ರಿತ ವಾಯುಪ್ರದೇಶದೊಳಗೆ ಸೇರುತ್ತಿತ್ತು. ಆದರೆ ಹವ್ಯಾಸಿ ಹಾಗೂ ಕ್ರೀಡಾ ಹಾರಾಟಗಾರರು ಇದನ್ನು ಬಲವಾಗಿ ವಿರೋಧಿಸಿದರು. ರೇಡಿಯೋ ಮತ್ತು ಟ್ರಾನ್ಸ್‌ಪಾಂಡರ್ ಅಗತ್ಯಗಳಿಂದ ವೆಚ್ಚ ಹೆಚ್ಚುತ್ತದೆ, ಸಣ್ಣ ವಿಮಾನಗಳು ತೀರ ಕೆಳಮಟ್ಟದಲ್ಲಿ ಗುಂಪುಗೂಡಿ ಅಪಾಯವು ಸ್ಥಳಾಂತರಗೊಳ್ಳುತ್ತದೆ ಎಂಬುದು ಅವರ ವಾದವಾಗಿತ್ತು. ಪ್ರಸ್ತಾವನೆಯು ಮೂಲರೂಪದಲ್ಲಿ ಜಾರಿಗೆ ಬರಲಿಲ್ಲ. ಒಂದು ಗುಂಪಿನ ಸುರಕ್ಷತೆಗಾಗಿ ಮಾಡುವ ಬದಲಾವಣೆಯು ಇನ್ನೊಂದು ಗುಂಪಿನ ಮೇಲೆ ಯಾವ ಹೊರೆ ಹೊರಿಸುತ್ತದೆ ಎಂಬ ಪ್ರಶ್ನೆಯು ಈ ವಿವಾದದಿಂದ ಮುನ್ನೆಲೆಗೆ ಬಂತು.

ಹೆಚ್ಚು ಒಮ್ಮತ ಮೂಡಿದ್ದು ಎಡಿಎಸ್-ಬಿ ಗ್ರಾಹಕಗಳ ವಿಷಯದಲ್ಲಿ. ಸುರಕ್ಷತಾ ಮಂಡಳಿಯು ಹಗುರ ವಿಮಾನಗಳ ಮಾಲೀಕರು ಇವುಗಳನ್ನು ಅಳವಡಿಸಿಕೊಳ್ಳಬೇಕೆಂದು ಒತ್ತಾಯಿಸಿತು. ಇಂದು ಇಂತಹ ಗ್ರಾಹಕಗಳು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ದೊರೆಯುತ್ತವೆ. ಟ್ಯಾಬ್ಲೆಟ್ ಗಣಕದ ಪರದೆಯ ಮೇಲೆಯೇ ಸುತ್ತಲಿನ ವಿಮಾನಗಳನ್ನು ತೋರಿಸಬಲ್ಲವು. ಸಾಧನ ಖರೀದಿಸುವವರಿಗೆ ವೆಚ್ಚದ ಅರ್ಧದಷ್ಟನ್ನು, ಗರಿಷ್ಠ 5,000 ಆಸ್ಟ್ರೇಲಿಯನ್ ಡಾಲರ್‌ಗಳ ಮಿತಿಯಲ್ಲಿ ಮರುಪಾವತಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ 2022ರಲ್ಲಿ ಜಾರಿಗೊಳಿಸಿತು. ಆದರೂ ಇದರ ಪ್ರಯೋಜನಕ್ಕೆ ಒಂದು ಷರತ್ತಿದೆ: ಒಂದು ವಿಮಾನದ ಗ್ರಾಹಕವು ಇನ್ನೊಂದು ವಿಮಾನವನ್ನು ತೋರಿಸಬೇಕಾದರೆ ಆ ಇನ್ನೊಂದು ವಿಮಾನದಲ್ಲಿ ಪ್ರಸಾರಕ ಇರಬೇಕು. ಪ್ರಸಾರಕವಿಲ್ಲದ ವಿಮಾನವು ಪರದೆಯ ಮೇಲೆ ಕಾಣಿಸದು. ಪರದೆಯನ್ನೇ ನಂಬಿ ಹೊರಗೆ ನೋಡುವುದನ್ನು ಬಿಟ್ಟವರಿಗೆ ಅದು ಹೊಸ ಅಪಾಯವಾಗಬಹುದು. ಸಾಧನವು ಕಣ್ಣಿಗೆ ನೆರವಾಗಬೇಕೇ ಹೊರತು ಬದಲಿಯಾಗಬಾರದು ಎಂಬುದು ಸುರಕ್ಷತಾ ಸಂಸ್ಥೆಗಳ ನಿಲುವು.

ಇದೇ ಬಗೆಯ ಇತರ ಅಪಘಾತಗಳು

ತರಬೇತಿ ವಿಮಾನಗಳು ಒಳಗೊಂಡ ಡಿಕ್ಕಿಗಳಲ್ಲಿ ಅತ್ಯಂತ ಘೋರವಾದವುಗಳಲ್ಲೊಂದು 1978ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆಯಿತು. ಪೆಸಿಫಿಕ್ ಸೌತ್‌ವೆಸ್ಟ್ ಏರ್‌ಲೈನ್ಸ್‌ನ ಬೋಯಿಂಗ್ 727 ವಿಮಾನವು, ಉಪಕರಣಾಧಾರಿತ ಹಾರಾಟವನ್ನು ಅಭ್ಯಸಿಸುತ್ತಿದ್ದ ಸೆಸ್ನಾ 172 ವಿಮಾನಕ್ಕೆ ಡಿಕ್ಕಿ ಹೊಡೆದು, ನೆಲದ ಮೇಲಿದ್ದ 7 ಜನರೂ ಸೇರಿ 144 ಮಂದಿ ಮೃತಪಟ್ಟರು. ಬೋಯಿಂಗ್ ಸಿಬ್ಬಂದಿಗೆ ಸೆಸ್ನಾ ಕುರಿತ ಮಾಹಿತಿ ತಲುಪಿತ್ತು. ನಿಯಂತ್ರಣ ಕೇಂದ್ರದಲ್ಲಿ ಡಿಕ್ಕಿಗೆ 19 ಸೆಕೆಂಡು ಮೊದಲು ಗಣಕದ ಎಚ್ಚರಿಕೆಯೂ ಮೊಳಗಿತ್ತು. ಸಿಬ್ಬಂದಿ ಸಣ್ಣ ವಿಮಾನವನ್ನು ಕಂಡಿದ್ದಾರೆಂಬ ನಂಬಿಕೆಯಿಂದ ನಿಯಂತ್ರಕರು ಮಧ್ಯಪ್ರವೇಶಿಸಲಿಲ್ಲ. ನಾಲ್ಕು ದಶಕಗಳ ಅಂತರವಿದ್ದರೂ, ಮಾಹಿತಿ ಮತ್ತು ಎಚ್ಚರಿಕೆಗಳೆರಡೂ ಇದ್ದು ಡಿಕ್ಕಿ ತಪ್ಪದಿದ್ದ ಈ ಎರಡು ಪ್ರಕರಣಗಳ ಸಾಮ್ಯ ಗಮನಾರ್ಹ.

ಕೆನಡಾದಲ್ಲಿ 2017ರ ಮಾರ್ಚ್ 17ರಂದು, ಕ್ವಿಬೆಕ್ ಪ್ರಾಂತದ ಸೇಂಟ್-ಬ್ರೂನೋ ಎಂಬಲ್ಲಿನ ಮಳಿಗೆ ಸಂಕೀರ್ಣದ ಮೇಲ್ಭಾಗದಲ್ಲಿ ಎರಡು ಸೆಸ್ನಾ 152 ತರಬೇತಿ ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಮೃತಪಟ್ಟು ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಅದೇ ದೇಶದ ಮ್ಯಾನಿಟೋಬಾ ಪ್ರಾಂತದ ಸ್ಟೈನ್‌ಬಾಕ್ ಬಳಿ 2025ರ ಜುಲೈ 8ರಂದು, ಮೇಲೇರುವ ಮತ್ತು ಇಳಿಯುವ ಅಭ್ಯಾಸದಲ್ಲಿದ್ದ ಒಂದೇ ಶಾಲೆಯ ಎರಡು ಸೆಸ್ನಾ ವಿಮಾನಗಳು ರನ್‌ವೇ ಸಮೀಪದಲ್ಲಿಯೇ ಡಿಕ್ಕಿಯಾಗಿ, ತಲಾ ಒಬ್ಬರಂತೆ ಅವುಗಳಲ್ಲಿದ್ದ ಇಬ್ಬರು ಶಿಕ್ಷಣಾರ್ಥಿಗಳೂ ಮೃತಪಟ್ಟರು. ಅವರಲ್ಲೊಬ್ಬರು ಕೇರಳದವರು. ಈ ಎರಡು ಪ್ರಕರಣಗಳಲ್ಲಿ ವಿಮಾನದೊಳಗೆ ಬೋಧಕರಿರಲಿಲ್ಲ. ಮ್ಯಾಂಗಲೋರ್‌ನಲ್ಲಿ ಇಬ್ಬರು ಬೋಧಕರಿದ್ದರು. ಅನುಭವದ ಕೊರತೆಯೊಂದನ್ನೇ ಇಂತಹ ಅಪಘಾತಗಳಿಗೆ ಕಾರಣವೆನ್ನಲಾಗದು ಎಂಬುದಕ್ಕೆ ಈ ವ್ಯತ್ಯಾಸವೇ ಸಾಕ್ಷಿ.

ಭಾರತದ ಸಂದರ್ಭ

ಭಾರತದಲ್ಲಿ ಆಕಾಶದ ಡಿಕ್ಕಿ ಎಂದೊಡನೆ ನೆನಪಾಗುವುದು 1996ರ ನವೆಂಬರ್ 12ರಂದು ಹರಿಯಾಣದ ಚರಖಿ ದಾದ್ರಿಯ ಮೇಲೆ ಸೌದಿ ಅರೇಬಿಯಾದ ಬೋಯಿಂಗ್ 747 ಹಾಗೂ ಕಜಕಿಸ್ತಾನದ ಇಲ್ಯುಶಿನ್ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಮೃತಪಟ್ಟ ದುರಂತ. ಆ ಬಳಿಕ ದೊಡ್ಡ ವಿಮಾನಗಳಿಗೆ ಡಿಕ್ಕಿ ತಡೆ ಸಾಧನವನ್ನು ಭಾರತ ಕಡ್ಡಾಯಗೊಳಿಸಿತು. ಆ ಸಾಧನವು ಎದುರಿನ ವಿಮಾನವನ್ನು ತೋರಿಸುವುದಷ್ಟೇ ಅಲ್ಲದೆ, ಏರಬೇಕೋ ಇಳಿಯಬೇಕೋ ಎಂಬ ಆದೇಶವನ್ನೂ ನೀಡುತ್ತದೆ. ಎರಡು ಅಥವಾ ನಾಲ್ಕು ಆಸನಗಳ ತರಬೇತಿ ವಿಮಾನಗಳಲ್ಲಿ ಇಂತಹ ಸಾಧನ ಸಾಮಾನ್ಯವಾಗಿ ಇರುವುದಿಲ್ಲ.

ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಬೆಳಗಾವಿ, ಕಲಬುರಗಿ, ಜಳಗಾಂವ್, ಖಜುರಾಹೋ ಹಾಗೂ ಲೀಲಾಬಾರಿ ಎಂಬ ಐದು ನಿಲ್ದಾಣಗಳಲ್ಲಿ ಒಟ್ಟು ಒಂಬತ್ತು ಹಾರಾಟ ತರಬೇತಿ ಶಾಲೆಗಳಿಗೆ ಜಾಗ ಮಂಜೂರು ಮಾಡಿತು. ಇದರಿಂದ ಕರ್ನಾಟಕದ ಎರಡು ನಗರಗಳು, ಬೆಂಗಳೂರಿನ ಜಕ್ಕೂರಿನಲ್ಲಿರುವ ಹಳೆಯ ಸರ್ಕಾರಿ ಶಾಲೆಯ ಜೊತೆಗೆ, ಪೈಲಟ್ ತರಬೇತಿಯ ಕೇಂದ್ರಗಳಾಗಿ ಗುರುತಿಸಿಕೊಂಡವು. ಈ ನಿಲ್ದಾಣಗಳಲ್ಲಿ ವಾಯುಸಂಚಾರ ನಿಯಂತ್ರಣ ವ್ಯವಸ್ಥೆ ಇರುವುದರಿಂದ ಅವುಗಳ ಪರಿಸ್ಥಿತಿಯನ್ನು ಮ್ಯಾಂಗಲೋರ್‌ನೊಂದಿಗೆ ನೇರವಾಗಿ ಹೋಲಿಸಲಾಗದು. ಆದರೆ ಒಂದೇ ರನ್‌ವೇಯನ್ನು ಒಂದಕ್ಕಿಂತ ಹೆಚ್ಚು ಶಾಲೆಗಳು ಹಂಚಿಕೊಳ್ಳುವುದು, ಅಭ್ಯಾಸದ ಪ್ರದೇಶಗಳು ಒಂದಕ್ಕೊಂದು ಹತ್ತಿರವಿರುವುದು ಎರಡೂ ಕಡೆಗೆ ಸಮಾನವಾದ ಅಂಶಗಳು.

ದೇಶದಲ್ಲಿ ಪೈಲಟ್‌ಗಳ ಬೇಡಿಕೆ ಹೆಚ್ಚಿದಂತೆ ತರಬೇತಿ ಶಾಲೆಗಳ ಗುಣಮಟ್ಟವೂ ಪರಿಶೀಲನೆಗೆ ಒಳಪಟ್ಟಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2025ರ ಅಕ್ಟೋಬರ್‌ನಿಂದ ಅನ್ವಯವಾಗುವಂತೆ ಶಾಲೆಗಳಿಗೆ ಮೊದಲ ಬಾರಿಗೆ ಶ್ರೇಣಿಗಳನ್ನು ಪ್ರಕಟಿಸಿತು. ಪಟ್ಟಿಯಲ್ಲಿದ್ದ 35 ಶಾಲೆಗಳ ಪೈಕಿ 13 'ಬಿ' ಶ್ರೇಣಿಯಲ್ಲಿಯೂ 22 'ಸಿ' ಶ್ರೇಣಿಯಲ್ಲಿಯೂ ಸ್ಥಾನ ಪಡೆದವು. ಅವುಗಳಿಗಿಂತ ಮೇಲಿನ ಶ್ರೇಣಿಗಳಿಗೆ ಯಾವ ಶಾಲೆಯೂ ಅರ್ಹವಾಗಲಿಲ್ಲ. ತರಬೇತಿಗಾಗಿ ಕುಟುಂಬಗಳು ಸಾಲ ಮಾಡಿ ಲಕ್ಷಾಂತರ ರೂಪಾಯಿ ವ್ಯಯಿಸುವ ದೇಶದಲ್ಲಿ, ಶಾಲೆಯನ್ನು ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ ಶುಲ್ಕ ಹಾಗೂ ಹಾರಾಟದ ಗಂಟೆಗಳ ಜೊತೆಗೆ ಸುರಕ್ಷತೆಯೂ ಸೇರುವಂತೆ ಇದು ಮಾಡಿತು.

ಮಹತ್ವ

ಮ್ಯಾಂಗಲೋರ್ ಡಿಕ್ಕಿಯಲ್ಲಿ ನಿಯಮಗಳು ಒದಗಿಸಿದ್ದ ರಕ್ಷಣೆಯ ಪದರಗಳು ಒಂದರ ಹಿಂದೆ ಒಂದರಂತೆ ಇದ್ದವು: ರೇಡಿಯೋ ಮಾಹಿತಿ, ಪೈಲಟ್‌ಗಳ ನೇರ ಸಂಭಾಷಣೆಯ ಅವಕಾಶ, ಗಣಕದ ಎಚ್ಚರಿಕೆ, ಕೊನೆಯದಾಗಿ ಮನುಷ್ಯನ ಕಣ್ಣು. ಪ್ರತಿಯೊಂದು ಪದರವೂ ಮುಂದಿನದರ ಮೇಲೆ ಭಾರ ಹಾಕಿತು. ಮೋಡ ಕವಿದಿದ್ದ ಆ ಬೆಳಗ್ಗೆ ಕೊನೆಯ ಪದರವು ಇದ್ದೂ ಇಲ್ಲದಂತಾಗಿತ್ತು. ತನಿಖೆಯು ಯಾವುದೇ ಹೊಸ ನಿಗೂಢ ದೋಷವನ್ನು ಬಯಲಿಗೆಳೆಯಲಿಲ್ಲ. ದಶಕಗಳಿಂದ ತಿಳಿದಿದ್ದ ಮಿತಿಗಳನ್ನೇ ಅದು ಅಳತೆಗೆ ಒಳಪಡಿಸಿ, ಅವುಗಳನ್ನು ತುಂಬಬಲ್ಲ ಸಾಧನವು ಕೈಗೆಟಕುವ ದರದಲ್ಲಿಯೇ ಲಭ್ಯವಿದೆ ಎಂಬುದನ್ನು ತೋರಿಸಿಕೊಟ್ಟಿತು. ಹಾರಾಟ ಶಾಲೆಗಳ ಬೋಧನೆಯಲ್ಲಿ ಈ ಪ್ರಕರಣವು ಒಂದು ಸರಳ ಅಭ್ಯಾಸಕ್ಕೆ ಒತ್ತು ನೀಡಲು ಕಾರಣವಾಗಿದೆ: ಮತ್ತೊಂದು ವಿಮಾನವಿದೆ ಎಂಬ ಮಾಹಿತಿ ಬಂದಾಗ 'ತಿಳಿಯಿತು' ಎಂದು ಉತ್ತರಿಸುವುದರೊಂದಿಗೆ ಕೆಲಸ ಮುಗಿಯುವುದಿಲ್ಲ, ಆ ವಿಮಾನದ ಪೈಲಟ್‌ನೊಂದಿಗೆ ಮಾತನಾಡಿ, ಯಾರು ಯಾವ ಎತ್ತರದಲ್ಲಿ ನಿಲ್ಲಬೇಕೆಂದು ಗೊತ್ತುಪಡಿಸಿಕೊಂಡ ನಂತರವೇ ಅದು ಮುಗಿಯುತ್ತದೆ.